ಗಂಟೆ ಹೊಡೆಯುವವರೆಗೂ ತಲೆನೋವು

ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತೇ ವಯಸ್ಸು ಸವೆಸಿದ ಆಕೆಯನ್ನು ಊರೆಲ್ಲ ಕರೆಯುತ್ತಿದ್ದುದು ಮಾತಿನಮಲ್ಲಿ ಎಂದೇ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈಕೆಗೆ ಎರಡೂ ಚೆನ್ನಾಗಿ ಬರುತ್ತಿದ್ದವು. ನಿವೃತ್ತಿಯಾದ ಮೇಲೆ ಮನೆಯ ಗೋಡೆಗಳ ಜೊತೆ ಮಾತಾಡಿ ಬೇಸತ್ತವಳಿಗೆ ವಿಚಿತ್ರವಾದ ಕೆಲಸವೊಂದು ಸಿಕ್ಕಿತು: ಕಾಯಿಲೆ ಬಂದವಳಂತೆ ನಟಿಸುವುದು.

ಆ ಕೆಲಸ ಹುಟ್ಟಿದ್ದು ಹೀಗೆ. ಊರಿನ ಆಸ್ಪತ್ರೆಯಲ್ಲಿ ಮೊದಲೆಲ್ಲ ಜ್ವರಕ್ಕೆ ಮಾತ್ರೆ, ಗಾಯಕ್ಕೆ ಪಟ್ಟಿ, ಮಿಕ್ಕಿದ್ದಕ್ಕೆಲ್ಲ ‘ನಗರಕ್ಕೆ ಕರ್ಕೊಂಡು ಹೋಗಿ’ ಎಂಬ ಮಾತು. ಆಕೆಯ ಗಂಡ ಎದೆ ಹಿಡಿದುಕೊಂಡು ಕುಸಿದಾಗಲೂ ಅದೇ ಮಾತು. ಆತ ನಗರ ಮುಟ್ಟಲಿಲ್ಲ. ದಾರಿಯಲ್ಲೇ, ಮಗಳ ತೊಡೆಯ ಮೇಲೆ ಹೋಗಿಬಿಟ್ಟ. ಆಮೇಲೆ ನಗರದ ಹಳೆಯ ವಿಶ್ವವಿದ್ಯಾಲಯವೂ ಈ ಕಡೆಯ ಹೊಸ ವಿಶ್ವವಿದ್ಯಾಲಯವೂ ಕೈಜೋಡಿಸಿದವು. ವೈದ್ಯ ವಿದ್ಯಾರ್ಥಿಗಳು ಕೊನೆಯ ವರ್ಷಗಳಲ್ಲಿ ಇಲ್ಲೇ ಕಲಿಯಬೇಕು, ಕಲಿಸುವವರೂ ಇಲ್ಲಿಗೇ ಬರಬೇಕು ಎಂದಾಯಿತು. ಹಾಗೆ ಹೃದಯದ ವೈದ್ಯರೂ ಬಂದರು. ವಿದ್ಯಾರ್ಥಿಗಳ ಪರೀಕ್ಷೆಗೆ ಸುಳ್ಳು ರೋಗಿಗಳು ಬೇಕು ಎಂದಾಗ ಮಾತಿನಮಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

ನಿಯಮ ಒಂದೇ: ಗಂಟೆ ಹೊಡೆಯುವವರೆಗೂ ಕೊಟ್ಟ ಕಾಯಿಲೆಯನ್ನು ಬಿಡಬಾರದು. ಒಮ್ಮೆ ಮೂಗಿನ ಮೇಲೆ ನೊಣ ಕೂತರೂ ಆಕೆ ಸೊಂಟನೋವಿನ ನರಳಾಟ ನಿಲ್ಲಿಸಿರಲಿಲ್ಲ.

ಆ ದಿನ ಕೊಟ್ಟದ್ದು ತಲೆನೋವು. ಎದುರಿಗೆ ಬಂದವಳು ಒಬ್ಬ ಪುಕ್ಕಲು ವಿದ್ಯಾರ್ಥಿನಿ. ಹಿಂದಿನ ಸಲ ಇದೇ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮೂಲೆಯ ಕುರ್ಚಿಯಲ್ಲಿ ಪರೀಕ್ಷಕರು. ತಲೆನೋವು ಶುರುವಾದ ಕಥೆಯನ್ನು ಅರಳು ಹುರಿದಂತೆ ಹೇಳುತ್ತಿದ್ದಾಗಲೇ ಮಾತಿನಮಲ್ಲಿಯ ಎದೆಯ ಮೇಲೆ ಯಾರೋ ಮೂಟೆ ಇಳಿಸಿದಂತಾಯಿತು. ನೋವು ದವಡೆಗೆ ಹತ್ತಿತು. ಜೀವ ಬಾಯಿಗೆ ಬಂತು. ಆದರೂ, ಪಾಪ, ಈ ಹುಡುಗಿ ಮತ್ತೆ ಫೇಲಾದರೆ ಎಂದುಕೊಂಡು, ಗಂಟೆ ಹೊಡೆದುಬಿಡಲಿ ಎಂದು ಹಲ್ಲು ಕಚ್ಚಿ ತಲೆಯನ್ನೇ ಹಿಡಿದುಕೊಂಡಳು. ಹಟಕ್ಕೂ ಒಂದು ಮಿತಿ ಬೇಡವೇ!

ವಿದ್ಯಾರ್ಥಿನಿ ಪ್ರಶ್ನೆ ನಿಲ್ಲಿಸಿ ಆಕೆಯ ಮಣಿಕಟ್ಟು ಹಿಡಿದಳು. ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು.

“ಅಮ್ಮಾ, ನಾಟಕ ಸಾಕು. ನಿಜವಾಗ್ಲೂ ಎಲ್ಲಿ ನೋವು?”

“ತಲೆ... ತಲೇನೇ ಕಣಮ್ಮ. ನೀನು ಕೇಳೋದು ಕೇಳು.”

“ಬೆವರನ್ನ ಯಾರೂ ನಟಿಸೋಕಾಗಲ್ಲ. ಹೇಳಿ, ಎಲ್ಲಿ?”

“ಪರೀಕ್ಷೆ ಮುಂದುವರಿಸಿ,” ಎಂದರು ಪರೀಕ್ಷಕರು, ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆ.

“ಇಲ್ಲ ಸರ್. ಬೇಕಾದ್ರೆ ನನ್ನ ಫೇಲ್ ಮಾಡಿ, ಮೊದಲು ಸ್ಟ್ರೆಚರ್ ತರ್ಸಿ!”

ಮಾತಿನಮಲ್ಲಿಯ ಕೈ ತಾನಾಗಿಯೇ ಎದೆಗೆ ಇಳಿಯಿತು. ಪರೀಕ್ಷಕರು ಕುರ್ಚಿ ಬೀಳಿಸಿಕೊಂಡು ಓಡಿಬಂದರು.

ಮಗಳು ಚೀಲಕ್ಕೆ ಬಟ್ಟೆ ತುಂಬಿಕೊಂಡು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದಳು.

“ನಗರಕ್ಕೆ ಯಾವ ಗಾಡೀಲಿ ಕರ್ಕೊಂಡು ಹೋಗ್ಬೇಕು?” ಎಂದು ನರ್ಸಮ್ಮನನ್ನು ಕೇಳಿದಳು.

“ಎಲ್ಲಿಗೂ ಬೇಡಮ್ಮ. ರಕ್ತನಾಳ ಕಟ್ಟಿಕೊಂಡಿತ್ತು, ಬಿಡಿಸಿದ್ದಾಯ್ತು. ಮಹಡಿ ಮೇಲೆ ಮಲಗಿದ್ದಾರೆ, ಹೋಗಿ ನೋಡು.”

ಮಗಳಿಗೆ ಹೋದ ಜೀವ ಬಂದಂತಾಯಿತು. ಕಾರಿಡಾರಿನಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಹೋದಾಗ ಅಳದೆ ಉಳಿಸಿಕೊಂಡಿದ್ದೂ ಅದರಲ್ಲಿತ್ತು. ಆಮೇಲೆ ಮುಖ ತೊಳೆದುಕೊಂಡು ಮೆಟ್ಟಿಲು ಹತ್ತಿದಳು.

ಮರುದಿನ ಪರೀಕ್ಷಕರು ಹಾಸಿಗೆಯ ಬಳಿಗೆ ಬಂದರು. ಹಿಂದೆ ಬಂದ ವಿದ್ಯಾರ್ಥಿನಿ ಬಾಗಿಲಲ್ಲೇ ಅಳುಕುತ್ತ ನಿಂತಳು. ಸುಳ್ಳು ರೋಗಿಯೂ ವಿದ್ಯಾರ್ಥಿಯ ಬಗ್ಗೆ ತನ್ನ ಅಭಿಪ್ರಾಯ ಹೇಳಬೇಕೆಂಬುದು ಅಲ್ಲಿಯ ಪದ್ಧತಿ. ಅದೊಂದು ಬಾಕಿ ಇತ್ತು.

“ನಿಮ್ಮ ತಲೆನೋವಿನ ಬಗ್ಗೆ ಇವಳು ಅರ್ಧದಷ್ಟು ಪ್ರಶ್ನೆಗಳನ್ನೂ ಕೇಳಲಿಲ್ಲ,” ಎಂದರು ಅವರು ನಗುತ್ತ. “ಏನಂತ ಬರ್ಕೊಳ್ಳಲಿ?”

ಮಾತಿನಮಲ್ಲಿ ಹುಡುಗಿಯನ್ನು ಹತ್ತಿರ ಕರೆದು ಕೈ ಹಿಡಿದುಕೊಂಡಳು.

“ನಾನು ಬದುಕಿದ್ದೀನಿ ಅಂತ ಬರ್ಕೊಳ್ಳಿ ಸರ್.”