ಗೊಂಟಾನ ಹಲ್ಲು, ಅಜ್ಜಿಯ ತೊಡೆ

ನನ್ನ ಅಜ್ಜಿ ಸುಮಿಯೆ ಜಪಾನಿನ ಅಮಗಾಸಾಕಿ ಊರಿನ ನಮ್ಮ ಬೀದಿಯಲ್ಲಿ ನಲವತ್ತೆರಡು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದಾಳೆ. ಎಂಥ ಒರಟು ಗಂಡಸೂ ಅವಳ ಕತ್ತಿಗೆ ಕತ್ತು ಕೊಟ್ಟು ನಿದ್ದೆ ಹೋಗುತ್ತಾನೆ. ಅವಳೆದುರು ಬಾಯಿ ಬಿಗಿದುಕೊಂಡವರು ಇಬ್ಬರೇ: ಹನ್ನೆರಡು ವರ್ಷದ ನಾಯಿ ಗೊಂಟಾ, ಮತ್ತು ಸ್ಕೂಲು ಬಿಟ್ಟು ಮನೆಯಲ್ಲಿ ಕೂತ ನಾನು.

ಗೊಂಟಾನ ಒಸಡು ಊದಿ ರಕ್ತ ಬರುತ್ತಿತ್ತು. "ಹೀಗೇ ಬಿಟ್ರೆ ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕಾಗತ್ತೆ. ಇವನ ಹೃದಯ ಅದನ್ನ ತಡ್ಕೊಳ್ಳಲ್ಲ. ಒಂದು ತಿಂಗಳು ದಿನಾ ಉಜ್ಜಿ ನೋಡಿ," ಎಂದರು ಡಾಕ್ಟರು.

ಕೆಲಸವಿಲ್ಲದವಳು ನಾನೇ ತಾನೇ, ಒಪ್ಪಿಕೊಂಡೆ. ಮೆತ್ತಗಿದೆಯೋ ಇಲ್ಲವೋ ಎಂದು ಏಳು ಬ್ರಷ್ಷುಗಳನ್ನು ನನ್ನ ಕೆನ್ನೆಗೆ ಉಜ್ಜಿ ನೋಡಿದೆ. ಗೊಂಟಾನ ತುಟಿ ಮುಟ್ಟುವ ಮೊದಲು ಪ್ರತಿ ಸಲ "ಕ್ಷಮಿಸು" ಎಂದೆ. ನಡೆದದ್ದನ್ನೆಲ್ಲ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂಬತ್ತು ದಿನಕ್ಕೆ ಹದಿನಾಲ್ಕು ಪುಟ ತುಂಬಿತು. ಒಂದು ಹಲ್ಲೂ ಕೈಗೆ ಸಿಗಲಿಲ್ಲ.

"ನಾಯಿ ಹತ್ರ ಅಪ್ಪಣೆ ಕೇಳ್ತಾ ಕೂತಿದೀಯಲ್ಲೇ! ಬಾ ಇಲ್ಲಿ, ಮಲಗು," ಎಂದು ಅಜ್ಜಿ ತೊಡೆ ತಟ್ಟಿದಳು.

ನಮ್ಮ ಕಡೆ ಚಿಕ್ಕ ಮಕ್ಕಳು ತಾವೇ ಹಲ್ಲು ಉಜ್ಜಿಕೊಂಡ ಮೇಲೆ ದೊಡ್ಡವರು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೊಮ್ಮೆ ಉಜ್ಜುತ್ತಾರಲ್ಲ, ಹಾಗೆ.

"ನನಗೆ ಹದಿನೇಳು, ಅಜ್ಜಿ!"

"ಗೊಂಟಾಗೆ ಹನ್ನೆರಡೇ. ದೊಡ್ಡೋಳು ನೀನು, ದಾರಿ ತೋರಿಸು. ನೋಡಿ ಕಲೀಲಿ."

ಮಲಗಿದೆ. ಅಜ್ಜಿ ಕನ್ನಡಕ ಹಾಕಿರಲಿಲ್ಲ. ಎರಡು ಸಲ ಉಜ್ಜುವಷ್ಟರಲ್ಲಿ ನನ್ನ ಬಾಯಿ ತುಂಬ ಕೋಳಿಸಾರಿನ ರುಚಿ. ನನ್ನ ಬ್ರಷ್ಷಿಗೆ ಅವಳು ಹಚ್ಚಿದ್ದು ನಾಯಿಯ ಪೇಸ್ಟು! ವಾಸನೆ ಹಿಡಿದ ಗೊಂಟಾ ಓಡಿಬಂದು, ನನ್ನ ತಲೆಯನ್ನು ಪಕ್ಕಕ್ಕೆ ತಳ್ಳಿ, ಅಜ್ಜಿಯ ತೊಡೆಗೆ ಗದ್ದ ಊರಿದ. ಅಜ್ಜಿ ಅವನ ಬ್ರಷ್ಷು ಎತ್ತಿಕೊಂಡು ಮೆಲ್ಲಗೆ ಅವನ ತುಟಿ ಸರಿಸಿದಳು.

ಅದೇ ಹೊತ್ತಿಗೆ ಚಾಪೆ ಹೊಲಿಯುವ ಇನೋಕುಮ ಕ್ಷೌರಕ್ಕೆಂದು ಬಂದು ಅಂಗಡಿಯ ಬಾಗಿಲು ಸರಿಸಿದರು. ನಮ್ಮ ಮೂವರನ್ನೂ ನೋಡಿದರು.

"ಸುಮಿಯಕ್ಕಾ, ನನ್ನ ಸರದಿ ಯಾರಾದ್ಮೇಲೆ?"

"ನಾಯಿ ಆದ್ಮೇಲೆ. ಕೂತ್ಕೊ."

ಮುಖ ಮುಚ್ಚಿಕೊಳ್ಳೋಣವೆಂದರೆ ತುಟಿಯಿಂದ ಗದ್ದದವರೆಗೂ ನಾಯಿಯ ಪೇಸ್ಟು.

ಆ ವಾಸನೆ ನನ್ನ ಬಾಯಿಂದ ಬರದಿದ್ದರೆ ಗೊಂಟಾ ಹತ್ತಿರವೇ ಸುಳಿಯುತ್ತಿರಲಿಲ್ಲ. ಹಾಗಾಗಿ ದಿನಾ ಮೊದಲು ನಾನು, ಆಮೇಲೆ ಅವನು. ನೋಟ್‌ಬುಕ್ಕಿನಲ್ಲಿ ಇದನ್ನು ಮಾತ್ರ ಬರೆಯಲಿಲ್ಲ.

ತಿಂಗಳಾದ ಮೇಲೆ ಡಾಕ್ಟರು ಗೊಂಟಾನ ತುಟಿ ಎತ್ತಿ ನೋಡಿದರು. ಒಸಡು ತಿಳಿಗುಲಾಬಿಯಾಗಿತ್ತು. "ಕೀಳೋದು ಬೇಡ. ಅದು ಸರಿ, ಹೇಗೆ ಬಾಯಿ ಬಿಡಿಸಿದ್ರಿ?"

ಅಜ್ಜಿ ನಗುತ್ತಾ ಉಸಿರೆಳೆದುಕೊಂಡಳು. ಅವಳು ಶುರು ಮಾಡಿದರೆ ಮುಗಿಯಿತು! ಹೊರಗಿನವರೊಡನೆ ನಾನು ಮಾತಾಡಿ ಏಳು ತಿಂಗಳಾಗಿತ್ತು.

"ದಿನಾ ಉಜ್ಜಿದ್ವಿ, ಅಷ್ಟೇ!" ಎಂದು ಕೂಗಿಬಿಟ್ಟೆ. ಗೊಂಟಾ ಬೆಚ್ಚಿ ನನ್ನತ್ತ ತಿರುಗಿದ, ಹತ್ತಿರ ಬಂದ, ನನ್ನ ಬಾಯಿ ಮೂಸತೊಡಗಿದ.