ಶೆರಿ ಪೀಪಾಯಿಯ ಗಂಧಕ

ಕೋವಿಡ್ ಕಳೆದ ಮರುವರ್ಷ. ವಿಜಯಪುರದ ಒಂದು ಹೋಟೆಲಿನಲ್ಲಿ ನಾನು ಬಾರ್ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಒಂದೇ ವರ್ಷ ಬಾಕಿಯಿತ್ತು. ಮುಂಬೈ, ಗೋವಾದ ದೊಡ್ಡ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನೆಂದು ಊರಲ್ಲಿ ನನಗೊಂದು ಗತ್ತಿತ್ತು. ವಿಸ್ಕಿಯ ವಿಚಾರದಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಮಾಲೀಕರಾದ ಸಾವಕಾರರು ತಿಕೋಟಾ ಕಡೆಯ ದೊಡ್ಡ ಒಣದ್ರಾಕ್ಷಿ ವ್ಯಾಪಾರಿಗಳು. ನನ್ನನ್ನು ಅವರು ಇಟ್ಟುಕೊಂಡಿದ್ದು ಅರ್ಧ ಕೆಲಸಕ್ಕೆ, ಅರ್ಧ ನಾಲ್ಕು ಜನರಿಗೆ ತೋರಿಸಲಿಕ್ಕೆ.

ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅವರ ಹೊಸ ಬೀಗರು ಸಾಂಗಲಿಯಿಂದ ಬಂದರು. ರುಚಿ ನೋಡಲು ಬೆಳಗಿನ ಹೊತ್ತೇ ಸರಿ, ನಾಲಿಗೆ ಚುರುಕಾಗಿರುತ್ತದೆ. ಮೇಜಿನ ಮೇಲೆ ಲಂಡನ್ನಿನಿಂದ ತರಿಸಿದ ಇಪ್ಪತ್ತೈದು ವರ್ಷದ ಸಿಂಗಲ್ ಮಾಲ್ಟ್ ಸ್ಕಾಚ್ ಇತ್ತು. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ್ದು. ಇದು ಮಾಗಿದ್ದು ಶೆರಿ ಪೀಪಾಯಿಯಲ್ಲಿ. ಶೆರಿ ಸ್ಪೇನಿನ ದ್ರಾಕ್ಷಿ ಮದ್ಯ. ಅದನ್ನು ಹೀರಿಕೊಂಡ ಮರ ವಿಸ್ಕಿಗೆ ಕೆಂಪು ಬಣ್ಣ ಕೊಡುತ್ತದೆ, ಅಂಜೂರ, ಒಣದ್ರಾಕ್ಷಿಯ ಪರಿಮಳ ಕೊಡುತ್ತದೆ. ಇದನ್ನೆಲ್ಲ ನಾನು ಬೀಗರಿಗೆ ಗತ್ತಿನಿಂದಲೇ ವಿವರಿಸಿದೆ.

ಒಣದ್ರಾಕ್ಷಿ ಎಂದದ್ದೇ ತಡ, ಸಾವಕಾರರಿಗೆ ಹುರುಪು ಬಂತು. "ನಮ್ಮ ಮಾಳಪ್ಪನ್ನ ಕರೀರಿ. ಯಾವ ನಮೂನಿ ಮಣೂಕ ಅಂತ ಅಂವಾ ಹೇಳ್ತಾನ."

ಘೋಣಸಗಿಯ ಮಾಳಪ್ಪ ಇಪ್ಪತ್ತು ವರ್ಷದಿಂದ ಅವರ ಶೆಡ್ಡಿನಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಮಾಲು ಪರೀಕ್ಷಿಸುತ್ತಿದ್ದವನು. ಹಳದಿ ಬಣ್ಣ ಬರಲೆಂದು ದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತಾರೆ; ಹೊಗೆ ಹೆಚ್ಚಾದರೆ ಕೊಂಡವರು ಮಾಲು ತಿರುಗಿ ಕಳಿಸುತ್ತಾರೆ. ಮುಷ್ಟಿ ಮಣೂಕ ಎತ್ತಿ, ಮೂಸಿ, ಅವನು "ಹೂಂ" ಎಂದರೆ ಲಾರಿ ಹೊರಡುತ್ತಿತ್ತು. ಅವನ ಅನ್ನ ಅವನ ಮೂಗಿನಲ್ಲಿತ್ತು.

ಅಂದು ಸಾವಕಾರರ ಜೊತೆ ಬಂದು ಹೊರಗೆ ಕೂತಿದ್ದ ಅವನು ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಂದ. "ಕುಡಿಯಂಗಿಲ್ರಿ ಸಾವಕಾರ್ರ, ತುಳಸಿ ಮಾಲಿ ಹಾಕೇನಿ. ಮೂಸಿ ಹೇಳ್ತೇನ್ರಿ." ಬೀಗರು ಮುಸಿಮುಸಿ ನಕ್ಕರು. ಅವನು ಗ್ಲಾಸಿಗೆ ಮೂಗು ಕೊಟ್ಟ, ತೆಗೆದ, ಮತ್ತೆ ಕೊಟ್ಟ.

"ಕರಿ ಮಣೂಕದ ವಾಸನಿ ಐತ್ರಿ. ಆದ್ರ ಗಂಧಕ ಭಾಳ ಆಗೇತಿ. ಮಾಲ ಕೆಟ್ಟೈತ್ರಿ."

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಖಾಲಿ ಶೆರಿ ಪೀಪಾಯಿ ಹುಳಿಯದಿರಲೆಂದು ಒಳಗೆ ಗಂಧಕದ ಬತ್ತಿ ಉರಿಸುವುದುಂಟು. ಕೆಲವು ಪೀಪಾಯಿಗಳಲ್ಲಿ ಅದು ಮರಕ್ಕೆ ಕಚ್ಚಿಕೊಂಡು ವಿಸ್ಕಿಗೂ ಇಳಿಯುತ್ತದೆ. ಬಿರಡೆ ತೆಗೆದಾಗಲೇ ಗೀರಿದ ಬೆಂಕಿಕಡ್ಡಿಯ ಆ ವಾಸನೆ ನನ್ನ ಮೂಗಿಗೂ ಬಡಿದಿತ್ತು. ಅದನ್ನು ನುಂಗಿಕೊಂಡು ನಾನು ಅಂಜೂರದ ವರ್ಣನೆ ಮಾಡಿದ್ದೆ.

ಸಾವಕಾರರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು. "ಏನ್ರಿ, ಗಂಧಕ ಐತೇನು?"

"ಎಲ್ಲೀದ್ರಿ! ಇಪ್ಪತ್ತ ವರ್ಷ ಹೊಗಿ ಕುಡದು ಅವನ ಮೂಗ ಸತ್ತೈತಿ. ಇನ್ನ ಅಂವಗ ಹೂವಿನ್ಯಾಗೂ ಗಂಧಕನ ಬರ್ತೈತಿ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮಾಳಪ್ಪ ಮಾತ್ರ ಗ್ಲಾಸನ್ನು ಇನ್ನೊಮ್ಮೆ ಮೂಸಿ, ನನ್ನನ್ನೇ ಕೇಳಿದ: "ಹಂಗಾರ ಶೆಡ್ಡಿನ್ಯಾಗಿನ ಮಾಲೂ ನಾ ತಪ್ಪ ಹೇಳಿರಬೇಕೇನ್ರಿ?"

"ಇರಬಹುದಪಾ," ಎಂದೆ.

"ನಾಳಿಂದ ಬರಬ್ಯಾಡ," ಎಂದರು ಸಾವಕಾರರು. ಅಲ್ಲಿಗೆ ಮುಗಿಯಿತು. ಬೀಗರು ಇನ್ನೊಂದು ಸುತ್ತು ಕೇಳಿದರು, ನಾನು ಹದಿನೈದು ಎಂಎಲ್ ಅಳೆದು ಅಳೆದು ಸುರಿದೆ. ಅಂಥ ಮೂಗಿನವನಿಗೆ ಕೆಲಸಕ್ಕೇನು ಬರ, ತಿಕೋಟಾದಲ್ಲಿ ಯಾವ ವ್ಯಾಪಾರಿಯಾದರೂ ಕೈ ಹಿಡಿದು ಕರೆದೊಯ್ಯುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಈಚೆಗೆ ಬಬಲೇಶ್ವರದ ಸಂತೆಗೆ ಹೋಗಿದ್ದೆ. ಈರುಳ್ಳಿ ಚೀಲ ಹೊರುತ್ತಿದ್ದ ಹಮಾಲರಲ್ಲಿ ಮಾಳಪ್ಪನನ್ನು ಕಂಡೆ. ಬೆನ್ನು ಬಾಗಿತ್ತು. ಬೇರೆ ಶೆಡ್ಡಿಗೆ ಯಾಕೆ ಹೋಗಲಿಲ್ಲವೆಂದು ಕೇಳಿದೆ.

"ಕರದಿದ್ರು ಸಾಹೇಬ್ರ, ನಾಕ ಮಂದಿ. ನಾನ ಒಲ್ಲೆ ಅಂದೆ. ಸತ್ತ ಮೂಗ ಇಟಗೊಂಡು ಮಂದಿ ಮಾಲ್ಯಾಕ ಕೆಡಸ್ಲಿ? ನೀವು ತಿಳದಾವ್ರು, ನೀವ ಹೇಳಿದ್ರಲ್ರಿ."

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ: ಗಂಧಕ ಇತ್ತು, ನನಗೂ ಗೊತ್ತಿತ್ತು, ನಾನು ಸುಳ್ಳು ಹೇಳಿದೆ. ಅವನು ಬೈಯುತ್ತಾನೆಂದುಕೊಂಡೆ, ಬೈಯಲಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಮುಷ್ಟಿ ಮಣೂಕ ಎತ್ತಿದ, ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದ. ಆಮೇಲೆ ಆ ಮುಷ್ಟಿಯನ್ನು ನನ್ನ ಮುಂದೆ ಚಾಚಿದ.

"ಗೊತ್ತಾಗವಲ್ದ್ರಿ. ನೀವ ಹೇಳ್ರಿ, ಚಲೋ ಐತೇನು?"

ತಿಳಿದವನೆಂದು ಹೆಸರು ಮಾಡಿದವನ ಸುಳ್ಳನ್ನು ಪ್ರಾಮಾಣಿಕನಾದವನು ನಂಬುತ್ತಾನೆ, ತನ್ನ ಮೂಗಿಗಿಂತ ಹೆಚ್ಚಾಗಿ ನಂಬುತ್ತಾನೆ. ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ, ಅದೂ ಇನ್ನೊಬ್ಬನ ಬದುಕನ್ನು ಬೆಲೆಯಾಗಿ ತೆತ್ತು. ಆ ಮಣೂಕ ಒಳ್ಳೆಯದೇ ಇತ್ತು. ಹಾಗೆಂದು ಹೇಳಿದೆ. ನನ್ನ ಸುಳ್ಳು ನಂಬಿದ್ದವನು ಈ ನಿಜವನ್ನು ನಂಬಲಿಲ್ಲ.