ಒಂದು ಬೆಳಗಿನ ರುಬಾಬು

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಕಾಲೇಜಿನಲ್ಲಿ ನಾನು ಹುಡುಗಿಯರ ಫುಟ್‌ಬಾಲ್ ತಂಡದ ಹೆಡ್ ಕೋಚ್ ಆಗಿದ್ದೆ. ಹೆಸರಿಗೆ ಹೆಡ್, ಕೈಕೆಳಗೆ ಬೇರೆ ಕೋಚ್ ಯಾರೂ ಇರಲಿಲ್ಲ. ನನ್ನ ದನಿ ಸಣ್ಣದು, ಆಳೂ ಸಣ್ಣ. ಹೀಗೆ ಆಡೋಣವೇ, ಹಾಗೆ ಆಡೋಣವೇ ಎಂದು ಹುಡುಗಿಯರನ್ನೇ ಕೇಳುತ್ತಿದ್ದೆ. ಅವರು ಜಗಳವಾಡಿ ಏನೋ ಒಂದು ತೀರ್ಮಾನಕ್ಕೆ ಬರುತ್ತಿದ್ದರು. ಬಹುಪಾಲು ಅದು ಸರಿಯೇ ಇರುತ್ತಿತ್ತು.

ಪ್ರಿನ್ಸಿಪಾಲರಿಗೆ ಇದು ಹಿಡಿಸಲಿಲ್ಲ. ನನ್ನಲ್ಲಿ ರುಬಾಬು ಇಲ್ಲ ಅಂದರು. ನಾಯಕತ್ವ ಹುಟ್ಟಿನಿಂದಲೇ ಬರಬೇಕು, ಬಾಗಿಲಲ್ಲಿ ಕಂಡರೆ ಸಾಕು, ಮಕ್ಕಳು ಎದ್ದು ನಿಲ್ಲಬೇಕು ಅಂದರು. ನೆರೂಲಿನಲ್ಲಿ ನಡೆಯುವ ಪಂದ್ಯಕ್ಕೆ ತಾವೇ ಬಂದು ನೋಡುವುದಾಗಿ ತಿಳಿಸಿ, ಅಲ್ಲೂ ನನ್ನ ಕೈಲಾಗದಿದ್ದರೆ ಮುಂದಿನ ವರ್ಷ ನಾನೂ ಇಲ್ಲ, ಹುಡುಗಿಯರ ತಂಡವೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಗದರುವುದನ್ನು ರೂಢಿ ಮಾಡಿಕೊಂಡೆ. ಅಪ್ಪ ಹೊರಗಿನಿಂದ ಬಾಗಿಲು ಬಡಿದು, ಯಾರಿಗೆ ಬೈಯುತ್ತಿದ್ದೀ ಎಂದು ಕೇಳಿದರು.

ಪಂದ್ಯ ಇದ್ದದ್ದು ಕೆಲಸದ ದಿನ, ಬೆಳಿಗ್ಗೆ ಒಂಬತ್ತೂವರೆಗೆ. ನೆರೂಲಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಬೆಳಗಿನ ಆಫೀಸಿನ ಹೊತ್ತಿನಲ್ಲಿ ಡೊಂಬಿವಲಿಯಲ್ಲಿ ಗಾಡಿ ಹತ್ತುವುದೇ ಒಂದು ಪಂದ್ಯ. ಅದಕ್ಕೇ ಇಲ್ಲಿಯವರು ಉಲ್ಟಾ ಹೋಗುತ್ತಾರೆ. ಎದುರು ದಿಕ್ಕಿನ ಗಾಡಿಯಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಲೋಕಲ್‌ನಲ್ಲಿ ಸೀಟು ಹಿಡಿದು, ಕೂತುಕೊಂಡೇ ಮತ್ತೆ ಡೊಂಬಿವಲಿ ದಾಟುತ್ತಾರೆ. ಹುಡುಗಿಯರ ಕಾಲು ದಣಿಯಬಾರದೆಂದು ನಾನೂ ಹಾಗೇ ಯೋಚಿಸಿದ್ದೆ. ಸ್ಟೇಷನ್ನಿನಲ್ಲಿ ನಮ್ಮ ಕ್ಯಾಪ್ಟನ್, ಠಾಣೆಗೆ ಸೀದಾ ಹೋಗುವ ಗಾಡಿ ಬರುತ್ತಿದೆ, ಹೇಗೋ ನುಗ್ಗೋಣ, ಹೊತ್ತಿಲ್ಲ ಅಂದಳು. ಉಳಿದವರೂ ಹೌದೆಂದರು. ಬೇರೆ ದಿನವಾಗಿದ್ದರೆ ಅವರ ಮಾತು ಕೇಳುತ್ತಿದ್ದೆ.

ಅವತ್ತು ಕನ್ನಡಿಯ ಮುಂದಿನ ದನಿ ಹೊರಬಂತು.

"ಚುಪ್. ಕೋಚ್ ಮೈ ಹೂಂ. ಸಬ್ ಕಲ್ಯಾಣ್ ಚಲೋ."

ಹನ್ನೆರಡು ಹುಡುಗಿಯರು ಒಮ್ಮೆಗೇ ಬಾಯಿ ಮುಚ್ಚಿದರು. ಪಕ್ಕದಲ್ಲಿದ್ದ ಹೆಂಗಸರೂ ಸರಿದು ದಾರಿ ಬಿಟ್ಟರು. ಆಗ ನನಗಾದ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗೋಲ್‌ಕೀಪರ್ ಮಾತ್ರ ನಮ್ಮೊಂದಿಗಿರಲಿಲ್ಲ. ಅವಳ ಮನೆ ಡೊಂಬಿವಲಿಗೂ ಠಾಣೆಗೂ ನಡುವಿನ ಮುಂಬ್ರಾದಲ್ಲಿ, ಅಪ್ಪ ಕಲಬುರಗಿಯಿಂದ ಬಂದ ಹಮಾಲಿ. ತಂಡದಲ್ಲಿ ನನ್ನ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಅವಳಿಗೂ ಡೊಂಬಿವಲಿಗೇ ಬರಬೇಕೆಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೆ.

"ಮುಂಬ್ರಾದಾಗ ಇದ್ದಾಕಿ ಉಲ್ಟಾ ಯಾಕ ಬರ್ಲಿ ಮೇಡಂ? ಸೀದಾ ಹೋಗ್ತೀನಿ" ಅಂದಿದ್ದಳು. ಶಿಸ್ತಿಲ್ಲದವಳು ಎಂದು ಬೈದು ಫೋನ್ ಇಟ್ಟಿದ್ದೆ.

ಕಲ್ಯಾಣದಲ್ಲಿ ಸೀಟು ಸಿಕ್ಕಿತು, ಎಲ್ಲರೂ ಕಾಲು ಚಾಚಿ ಕೂತರು. ಮುಂಬ್ರಾ ದಾಟಿದ ಮೇಲೆ ಗಾಡಿ ನಿಂತಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿಯ ಉಪ್ಪುನೀರು. ನಾವು ಬಿಟ್ಟ ಗಾಡಿ ಆಗಲೇ ಠಾಣೆ ಮುಟ್ಟಿತ್ತು. ಪಂದ್ಯ ನಡೆಸುವವರಿಗೆ ಫೋನ್ ಮಾಡಿ ಗೋಗರೆದೆ. ಹದಿನೈದು ನಿಮಿಷ ಕಾಯುತ್ತೇವೆ, ಅದರ ಮೇಲೆ ಆಗುವುದಿಲ್ಲ ಅಂದರು. ಹುಡುಗಿಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಸದಾ ಮೇಲೆ ಬಿದ್ದು ಸಲಹೆ ಕೊಡುತ್ತಿದ್ದವರು, ಈಗ ಒಬ್ಬಳೂ ತುಟಿ ಪಿಟಕ್ಕೆನ್ನಲಿಲ್ಲ. ಕಿಟಕಿಯ ಸರಳಿಗೆ ಹಣೆ ಹಚ್ಚಿ, ದೇವರೇ, ಗಾಡಿ ಬಿಡಿಸು ಎಂದು ಬೇಡಿಕೊಂಡೆ.

ಬಹಳ ಹೊತ್ತಿನ ಮೇಲೆ ಗಾಡಿ ಬಿಟ್ಟಿತು. ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ ದಾಟಿ, ನೆರೂಲಿನ ಮೈದಾನಕ್ಕೆ ಓಡಿ ಬರುವಷ್ಟರಲ್ಲಿ ಹತ್ತೂವರೆ. ಏಳು ಜನರಿಲ್ಲದೆ ಆಟ ಶುರು ಮಾಡುವಂತಿಲ್ಲ. ಎದುರು ತಂಡ ಗೆದ್ದಿತೆಂದು ಬರೆದು ರೆಫರಿ ಹೋಗಿಯಾಗಿತ್ತು. ಪ್ರಿನ್ಸಿಪಾಲರ ಕಾರೂ ಇರಲಿಲ್ಲ. ಖಾಲಿ ಗೋಲಿನ ಮುಂದೆ, ಕೈಗವಸು ಹಾಕಿಕೊಂಡೇ, ಮುಂಬ್ರಾದ ಹುಡುಗಿ ಒಬ್ಬಳೇ ನಿಂತಿದ್ದಳು. ಒಂಬತ್ತಕ್ಕೇ ಬಂದಿದ್ದಳಂತೆ.

ಪ್ರಿನ್ಸಿಪಾಲ್ ಸರ್ ಏನಂದರು ಎಂದು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

"ನಿಮ್ಮ ಮೇಡಂ ಮಾತು ಯಾರೂ ಕೇಳೂದಿಲ್ಲೇನು ಅಂತ ಕೇಳಿದ್ರು. ಹಂಗೇನಿಲ್ರಿ ಸರ್, ಎಲ್ಲಾರೂ ಕೇಳ್ಯಾರ, ನಾ ಒಬ್ಬಾಕಿನ ಕೇಳಿಲ್ಲ ಅಂತ ಹೇಳ್ದೆ."